ಮೊದಲು ಕೆಲಸ ಯಾವುದೆಂದು ಕೇಳಿ, ಆಮೇಲೆ ಕ್ಯಾಮೆರಾ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾ ಕೊಳ್ಳಲು ಹೊರಟ ಹೊಸಬರಿಗೆಂದು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾಗಳ ಬೆಲೆ ಕೈಗೆಟುಕದೆ ಸೆಕೆಂಡ್ ಹ್ಯಾಂಡ್ ಬಾಡಿಗಳನ್ನು (ಲೆನ್ಸ್ ಇಲ್ಲದ ಬರಿಯ ಕ್ಯಾಮೆರಾಗಳನ್ನು) ಹುಡುಕುತ್ತಿರುವ ಹುಡುಗ ಹುಡುಗಿಯರು ನಮ್ಮ ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಿಗಾಗಿ ಪತ್ರಿಕೆ ಒಂದು ಪುಟ ಮೀಸಲಿಟ್ಟದ್ದು ಸಂತೋಷದ ಸಂಗತಿ. ಆದರೆ ಫುಲ್ ಫ್ರೇಮ್ ಕ್ಯಾಮೆರಾ (ಬೆಳಕು ಹಿಡಿಯುವ ಸೆನ್ಸರ್ ಹಳೆಯ ಫಿಲ್ಮಿನಷ್ಟೇ ದೊಡ್ಡದಿರುವಂಥದು) ಕಡಿಮೆ ಬೆಲೆಗೆ ಸಿಕ್ಕಿದರೆ ಬೇರೇನೂ ಯೋಚಿಸದೆ ಅದನ್ನೇ ಕೊಳ್ಳಬೇಕೆಂದು ಆ ಲೇಖನದಲ್ಲಿ ಹೇಳಿರುವುದನ್ನು ನಾನು ಒಪ್ಪಲಾರೆ. ಇದೇ ಮಾತನ್ನು ನಂಬಿ ನನ್ನ ಅಕ್ಕನ ಮಗ ಎರಡು ವರ್ಷದ ಉಳಿತಾಯವನ್ನು ಕಳೆದುಕೊಂಡಷ್ಟು ನೊಂದಿದ್ದನ್ನು ಕಣ್ಣಾರೆ ಕಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿಯಲ್ಲಿ ಸಣ್ಣದೊಂದು ಸ್ಟುಡಿಯೊ ನಡೆಸುತ್ತೇನೆ. ಮದುವೆ, ಉಪನಯನ, ಗೃಹಪ್ರವೇಶಗಳು ಹೊಟ್ಟೆಪಾಡಿನ ಕೆಲಸ. ಬಿಡುವು ಸಿಕ್ಕಾಗ ಹಕ್ಕಿಗಳ ಚಿತ್ರ ತೆಗೆಯುವುದು ಮನಸ್ಸಿನ ಕೆಲಸ. ಈ ಎರಡಕ್ಕೂ ಬೇರೆ ಬೇರೆ ಬಾಡಿ ಇಟ್ಟುಕೊಂಡಿದ್ದೇನೆ. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಒಂದು, 2009ರಲ್ಲಿ ಬಂದ ಕ್ಯಾನನ್ 7ಡಿ ಇನ್ನೊಂದು. ಹಳೆಯ ಕ್ಯಾಮೆರಾ ಕೊಳ್ಳುವವರು ಇವತ್ತಿಗೂ ಹೆಚ್ಚಾಗಿ ಕೇಳಿಕೊಂಡು ಬರುವುದು ಇವೆರಡನ್ನೇ. ತೂಕದಲ್ಲಿ ಹತ್ತು ಗ್ರಾಂ ವ್ಯತ್ಯಾಸವಷ್ಟೇ. ಬ್ಯಾಟರಿ ಒಂದೇ, ಮೆಮೊರಿ ಕಾರ್ಡ್ ಒಂದೇ ಬಗೆಯದು. ಕೈಯಲ್ಲಿ ಹಿಡಿದಾಗ ಅಣ್ಣತಮ್ಮಂದಿರಂತೆ ಕಾಣುವ ಇವು ಕೆಲಸಕ್ಕೆ ಇಳಿದಾಗ ಎಷ್ಟು ಬೇರೆಯಾಗುತ್ತವೆ ಎಂಬುದನ್ನು ಹೇಳಿದರೆ ನನ್ನ ಆಕ್ಷೇಪ ಏನೆಂಬುದು ಸ್ಪಷ್ಟವಾದೀತು.

5ಡಿ ಮಾರ್ಕ್ 2ರ ಸೆನ್ಸರ್ ಹಳೆಯ 35 ಮಿಲಿಮೀಟರ್ ಫಿಲ್ಮಿನಷ್ಟೇ ದೊಡ್ಡದು, 36ಕ್ಕೆ 24 ಮಿಲಿಮೀಟರ್. ಅದರಲ್ಲಿ 21 ಮೆಗಾಪಿಕ್ಸೆಲ್ ಇವೆ. 7ಡಿಯ ಸೆನ್ಸರ್ ಅದರ ಅರ್ಧಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್. ಅಷ್ಟರಲ್ಲೇ 18 ಮೆಗಾಪಿಕ್ಸೆಲ್ ತುಂಬಿವೆ. ಒಂದೇ ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ; ಇದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಒಂದೇ ಶಟರ್ ವೇಗದಲ್ಲಿ (ಬೆಳಕನ್ನು ಒಳಬಿಡುವ ಹೊತ್ತು) ದೊಡ್ಡ ಸೆನ್ಸರ್ ಒಟ್ಟಾರೆ ಎರಡೂವರೆ ಪಟ್ಟು ಬೆಳಕನ್ನು ಹಿಡಿಯುತ್ತದೆ. ಕಲ್ಯಾಣ ಮಂಟಪದ ಮಬ್ಬು ಬೆಳಕಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಅಂತರಪಟ ಸರಿಯುವ ಹೊತ್ತು, ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುವ ಹೊತ್ತು, ಫ್ಲಾಶ್ ಹೊಡೆದರೆ ಹೋಮದ ಬೆಳಕಿನ ಬಣ್ಣವೇ ಸತ್ತುಹೋಗುತ್ತದೆಂದು ನಾನು ಫ್ಲಾಶ್ ಆರಿಸಿ ಐಎಸ್ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 3200ಕ್ಕೆ ಏರಿಸುತ್ತೇನೆ. ಆಗ 5ಡಿ ಮಾರ್ಕ್ 2 ಕೊಡುವ ಚಿತ್ರವನ್ನು 12ಕ್ಕೆ 18 ಇಂಚಿನ ಆಲ್ಬಂ ಹಾಳೆಗೆ ಹಾಕಿದರೂ ವಧುವಿನ ಕೆನ್ನೆ ನುಣುಪಾಗಿಯೇ ಉಳಿಯುತ್ತದೆ. ಅದೇ ಐಎಸ್ಒದಲ್ಲಿ 7ಡಿಯ ಚಿತ್ರದ ನೆರಳುಗಳಲ್ಲಿ, ಅದರಲ್ಲೂ ಕಪ್ಪು ಕೂದಲು ಮತ್ತು ಕಡುಗೆಂಪು ರೇಷ್ಮೆಯಲ್ಲಿ, ರವೆ ಉದುರಿಸಿದಂತೆ ಕಾಳುಗಳು ಎದ್ದು ಕಾಣುತ್ತವೆ. 7ಡಿಯಲ್ಲಿ 1600 ದಾಟಲು ನಾನು ಹಿಂಜರಿಯುತ್ತೇನೆ.

ಮನೆಯೊಳಗಿನ ಕಾರ್ಯಕ್ರಮಗಳಲ್ಲಿ ಇನ್ನೊಂದು ಅನುಕೂಲ. ಹಳೆಯ ಮನೆಯ ದೇವರ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ, ಬೆನ್ನು ಗೋಡೆಗೆ ತಾಗಿರುತ್ತದೆ. ಲೆನ್ಸಿನ ಮಿಲಿಮೀಟರ್ ಸಂಖ್ಯೆ ಕಡಿಮೆಯಾದಷ್ಟೂ ನೋಟ ಅಗಲ; 24 ಮಿಲಿಮೀಟರ್ ಲೆನ್ಸ್ 5ಡಿ ಮಾರ್ಕ್ 2ರಲ್ಲಿ ಇಡೀ ಕೋಣೆಯನ್ನು ತೋರಿಸುತ್ತದೆ. 7ಡಿಗೆ ಹಾಕಿದರೆ ಅದು 38 ಮಿಲಿಮೀಟರಿನಷ್ಟೇ ನೋಟ ಕೊಡುವುದರಿಂದ ಒಂದು ಬದಿಯ ಅಜ್ಜಿಯೋ ಇನ್ನೊಂದು ಬದಿಯ ಚಿಕ್ಕಪ್ಪನೋ ಚೌಕಟ್ಟಿನಿಂದ ಹೊರಗುಳಿಯುತ್ತಾರೆ.

ಇಷ್ಟನ್ನು ಓದಿದವರಿಗೆ ಲೇಖನದ ಸಲಹೆಯೇ ಸರಿಯೆನಿಸಬಹುದು. ಆದರೆ ನನ್ನ ಅಕ್ಕನ ಮಗನಿಗೆ ಮದುವೆಯ ಚಿತ್ರಗಳು ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಮಂಡಗದ್ದೆಯ ಹಕ್ಕಿಗಳು. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲ ಬಂತೆಂದರೆ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುತ್ತವೆ. ಎಲ್ಲರೂ ಹೊಗಳುವ ಫುಲ್ ಫ್ರೇಮ್ ಎಂದು ಅವನು 5ಡಿ ಮಾರ್ಕ್ 2 ತಂದ, ಸಾಲ ಮಾಡಿ ಎಫ್ 5.6ರ 400 ಮಿಲಿಮೀಟರ್ ಲೆನ್ಸ್ ಜೋಡಿಸಿದ. ಒಂದು ಶ್ರಾವಣದ ಬೆಳಿಗ್ಗೆ ಇಬ್ಬರೂ ಕೊಡೆ ಹಿಡಿದು ಅಲ್ಲಿ ನಿಂತೆವು. ತಾಯಿ ಬೆಳ್ಳಕ್ಕಿ ಹೊಳೆಯ ಮೇಲಿಂದ ಹಾರಿ ಬಂದು, ರೆಕ್ಕೆಗಳನ್ನು ಪೂರ್ತಿ ಹರಡಿ, ಕಾಲು ಮುಂದೆ ಚಾಚಿ ಗೂಡಿಗೆ ಇಳಿಯುವ ಕ್ಷಣವೇ ಅವನ ಕನಸಿನ ಚಿತ್ರ. ಅದು ಅರೆ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. 5ಡಿ ಮಾರ್ಕ್ 2 ಸೆಕೆಂಡಿಗೆ 3.9 ಚಿತ್ರ ತೆಗೆಯುತ್ತದೆ. ಆ ಅರೆ ಸೆಕೆಂಡಿನಲ್ಲಿ ಅವನಿಗೆ ಸಿಕ್ಕಿದ್ದು ಎರಡು ಚಿತ್ರ. ಮೊದಲನೆಯದರಲ್ಲಿ ರೆಕ್ಕೆ ಇನ್ನೂ ಬಿಚ್ಚಿರಲಿಲ್ಲ, ಎರಡನೆಯದರಲ್ಲಿ ಹಕ್ಕಿ ಕೂತಾಗಿತ್ತು. 7ಡಿ ಸೆಕೆಂಡಿಗೆ 8 ಚಿತ್ರ ತೆಗೆಯುವುದರಿಂದ ಪಕ್ಕದಲ್ಲೇ ನಿಂತ ನನಗೆ ನಾಲ್ಕು ಸಿಕ್ಕವು. ಮೂರನೆಯದರಲ್ಲಿ ರೆಕ್ಕೆಯ ಪ್ರತಿ ಗರಿಯೂ ಬಿಡಿಬಿಡಿಯಾಗಿ ತೆರೆದಿತ್ತು, ಮರಿಗಳು ಕೊಕ್ಕು ಮೇಲೆತ್ತಿದ್ದವು.

ವೇಗದ ಮಾತು ಹಾಗಿರಲಿ, ದೂರದ ಲೆಕ್ಕ ಇನ್ನೂ ಮುಖ್ಯ. ನಡುವೆ ಹೊಳೆ ಇರುವುದರಿಂದ ಹಕ್ಕಿಯ ಹತ್ತಿರ ಹೋಗುವಂತಿಲ್ಲ. 5ಡಿ ಮಾರ್ಕ್ 2ರ ಚಿತ್ರ ಉದ್ದದಲ್ಲಿ 5616, ಅಗಲದಲ್ಲಿ 3744 ಪಿಕ್ಸೆಲ್‌ಗಳದ್ದು. 7ಡಿಗೆ ಕಾಣುವಷ್ಟೇ ಭಾಗವನ್ನು ಅದರಿಂದ ಕತ್ತರಿಸಿ ತೆಗೆಯಬೇಕಾದರೆ ಎರಡನ್ನೂ 1.6ರಿಂದ (ಎರಡು ಸೆನ್ಸರುಗಳ ಅಳತೆಯ ಅನುಪಾತ) ಭಾಗಿಸಬೇಕು, ಉಳಿಯುವುದು 3510ಕ್ಕೆ 2340, ಅಂದರೆ 8 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ಅದೇ ಲೆನ್ಸ್, ಅದೇ ಜಾಗ, ಅದೇ ಹಕ್ಕಿ, ಆದರೆ 7ಡಿಯಲ್ಲಿ ಅಷ್ಟೇ ನೋಟಕ್ಕೆ 18 ಮೆಗಾಪಿಕ್ಸೆಲ್ ಸಿಗುತ್ತವೆ. 7ಡಿಯಲ್ಲಿ 400 ಮಿಲಿಮೀಟರ್ ಲೆನ್ಸಿನಿಂದ ಕಾಣುವ ನೋಟ 5ಡಿ ಮಾರ್ಕ್ 2ರಲ್ಲಿ ಬೇಕೆಂದರೆ 640 ಮಿಲಿಮೀಟರ್ ಲೆನ್ಸ್ ಬೇಕು, ಮತ್ತು ಅಂಥ ಲೆನ್ಸಿನ ಬೆಲೆ ಕೇಳಿದರೆ ಬಾಡಿಯ ಅಗ್ಗದ ಬೆಲೆಗೆ ಅರ್ಥವೇ ಉಳಿಯುವುದಿಲ್ಲ. ಹಕ್ಕಿ ಚೌಕಟ್ಟು ತುಂಬುವಷ್ಟು ಹತ್ತಿರ ಬಂದರೆ ದೊಡ್ಡ ಸೆನ್ಸರಿನ ಚಿತ್ರವೇ ಚೆನ್ನ, ಒಪ್ಪುತ್ತೇನೆ. ಆದರೆ ಹಕ್ಕಿಗಳ ಬೆನ್ನು ಹತ್ತಿದವರಿಗೆ ಗೊತ್ತು, ಅಷ್ಟು ಹತ್ತಿರ ಅವು ಎಷ್ಟು ಸಲ ಬಂದಾವು?

ಫೋಕಸ್ ವಿಷಯದಲ್ಲಂತೂ 7ಡಿ ಮುಂದಿದೆ. ಅದರ 19 ಫೋಕಸ್ ಬಿಂದುಗಳೂ ಅಡ್ಡಗೆರೆ ಉದ್ದಗೆರೆ ಎರಡನ್ನೂ ಗುರುತಿಸುವ ಕ್ರಾಸ್ ಬಗೆಯವು. 5ಡಿ ಮಾರ್ಕ್ 2ರಲ್ಲಿರುವುದು ಒಂಬತ್ತು, ಅವುಗಳಲ್ಲಿ ನಡುವಿನದೊಂದು ಮಾತ್ರ ಕ್ರಾಸ್ ಬಗೆಯದು. ಹೀಗಾಗಿ ಮಂಟಪದ ಮಬ್ಬಿನಲ್ಲಿ ಅಂಚಿನ ಬಿಂದುವನ್ನು ನಂಬಿದರೆ ಲೆನ್ಸ್ ಹಿಂದೆ ಮುಂದೆ ಓಡಾಡಿ ಕ್ಷಣ ಕೈಜಾರುತ್ತದೆ. ನಾನು ಯಾವಾಗಲೂ ನಡುವಿನ ಬಿಂದುವಿನಲ್ಲಿ ಕಣ್ಣಿಗೆ ಫೋಕಸ್ ಹಿಡಿದು, ಬಟನ್ ಅರ್ಧ ಒತ್ತಿಕೊಂಡೇ ಚೌಕಟ್ಟನ್ನು ಸರಿಹೊಂದಿಸಿಕೊಳ್ಳುತ್ತೇನೆ. 50 ಮಿಲಿಮೀಟರ್ ಎಫ್ 1.8 ಲೆನ್ಸನ್ನು ಪೂರ್ತಿ ತೆರೆದು ಹತ್ತಿರದಿಂದ ತೆಗೆಯುವಾಗ ಹೀಗೆ ಸರಿಸಿದ್ದಕ್ಕೇ ಕಣ್ಣು ತಪ್ಪಿ ಕಿವಿಯ ಜುಮುಕಿ ಸ್ಪಷ್ಟವಾದ ಚಿತ್ರಗಳೂ ನನ್ನಲ್ಲಿ ಸಾಕಷ್ಟಿವೆ. ಆದ್ದರಿಂದ ಕಿಂಡಿಯನ್ನು ಎಫ್ 2.8ಕ್ಕೆ ಕಿರಿದು ಮಾಡಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಎರಡರ ನಡುವೆ ನಿಜವಾಗಿ ತೂಗಾಡಿಸುವುದು ಯಕ್ಷಗಾನ. ಅಲ್ಲಿ ಕತ್ತಲೂ ಇದೆ, ಚಲನೆಯೂ ಇದೆ. ವೇಷಧಾರಿ ರಂಗದಲ್ಲಿ ಗಿರಗಿರನೆ ಸುತ್ತುವಾಗ ಚಿತ್ರ ಅಲುಗಾಡದೆ ಬರಬೇಕಾದರೆ ಶಟರ್ ಕನಿಷ್ಠ ಸೆಕೆಂಡಿನ 250ನೇ ಒಂದು ಭಾಗಕ್ಕಾದರೂ ಇರಬೇಕು, ಐಎಸ್ಒ 3200ಕ್ಕೆ ಏರಲೇಬೇಕು. ಎರಡನ್ನೂ ಹಲವು ರಾತ್ರಿ ಒಯ್ದು ನೋಡಿದ ಮೇಲೆ ನಾನು 5ಡಿ ಮಾರ್ಕ್ 2 ಕಡೆಗೇ ವಾಲಿದ್ದೇನೆ. ವೇಷಧಾರಿ ರಂಗದ ಅಳತೆ ಬಿಟ್ಟು ಹೋಗುವುದಿಲ್ಲ, ತಾಳ ಗೊತ್ತಿದ್ದವನಿಗೆ ಅದರ ಯಾವ ಪೆಟ್ಟು ಬಿದ್ದಾಗ ನಿಲ್ಲುತ್ತಾನೆಂದು ಮೊದಲೇ ತಿಳಿಯುತ್ತದೆ; ಹಾಗಾಗಿ ವೇಗದ ಕೊರತೆಯನ್ನು ಕಾದು ತುಂಬಿಕೊಳ್ಳಬಹುದು. ಕಾಳುಗಟ್ಟಿದ ಮುಖವರ್ಣಿಕೆಯನ್ನು ಮಾತ್ರ ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಮೊದಲಿನಂತೆ ಮಾಡಲಾಗದು. ನಮ್ಮೂರ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವಕ್ಕೂ ಇದೇ ಕಾರಣಕ್ಕೆ ಅದನ್ನೇ ಒಯ್ಯುತ್ತೇನೆ.

ವಿಡಿಯೊ ಬಗ್ಗೆ ಲೇಖನ ಏನನ್ನೂ ಹೇಳಿಲ್ಲವಾದ್ದರಿಂದ ಒಂದೆರಡು ಮಾತು. ಎರಡೂ ಫುಲ್ ಎಚ್‌ಡಿ ಚಿತ್ರೀಕರಿಸುತ್ತವೆ. 5ಡಿ ಮಾರ್ಕ್ 2ರಲ್ಲಿ ಮೊದಲು ಸೆಕೆಂಡಿಗೆ 30 ಫ್ರೇಮ್ ಮಾತ್ರ ಇತ್ತು, 24 ಮತ್ತು 25 ಬಂದದ್ದು 2010ರ ಫರ್ಮ್‌ವೇರಿನಲ್ಲಿ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್). ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ವಿಡಿಯೊ ಮಿನುಗದಿರಲು 25 ಫ್ರೇಮ್ ಮತ್ತು ಸೆಕೆಂಡಿನ 50ನೇ ಒಂದು ಭಾಗದ ಶಟರ್ ಬೇಕು. ಹಳೆಯ ಬಾಡಿ ಕೊಳ್ಳುವವರು ಫರ್ಮ್‌ವೇರ್ ಯಾವುದಿದೆಯೆಂದು ಮೆನುವಿನಲ್ಲಿ ನೋಡಿಕೊಳ್ಳಲಿ. ಎರಡರಲ್ಲೂ ಒಂದು ತುಣುಕು 4 ಜಿಬಿ ತುಂಬಿದೊಡನೆ, ಅಂದರೆ ಸುಮಾರು 12 ನಿಮಿಷಕ್ಕೆ, ನಿಂತುಬಿಡುತ್ತದೆ. ಧಾರೆಯ ನಡುವೆ ಹೀಗೆ ನಿಂತದ್ದು ಗೊತ್ತಾಗದೆ ನಾನು ಒಂದು ಕುಟುಂಬದ ಮುಂದೆ ತಲೆ ತಗ್ಗಿಸಬೇಕಾಯಿತು. ಅಂದಿನಿಂದ ಪುರೋಹಿತರು ಮುಂದಿನ ಕಾರ್ಯಕ್ಕೆ ಸಾಮಗ್ರಿ ಜೋಡಿಸಿಕೊಳ್ಳುವ ಬಿಡುವಿನಲ್ಲಿ ನಾನೇ ನಿಲ್ಲಿಸಿ ಮತ್ತೆ ಶುರು ಮಾಡುತ್ತೇನೆ.

ಕೊಳ್ಳುವಾಗಿನ ಎಚ್ಚರಿಕೆಗಳನ್ನು ಲೇಖನ ಎರಡೇ ಸಾಲಿನಲ್ಲಿ ಮುಗಿಸಿರುವುದು ನನಗೆ ಹೆಚ್ಚಿನ ಬೇಸರ ತಂದಿದೆ, ಏಕೆಂದರೆ ಹೊಸಬರು ಮೋಸ ಹೋಗುವುದು ಅಲ್ಲೇ. ಎರಡೂ ಬಾಡಿಗಳ ಶಟರನ್ನು ಒಂದೂವರೆ ಲಕ್ಷ ಚಿತ್ರಗಳ ಬಾಳಿಕೆಗೆಂದು ರೂಪಿಸಲಾಗಿದೆ. ಎಷ್ಟು ಬಳಸಲಾಗಿದೆ ಎಂಬ ಸಂಖ್ಯೆ ಈ ಕ್ಯಾಮೆರಾಗಳ ಚಿತ್ರದ ಫೈಲಿನಲ್ಲಿ ದಾಖಲಾಗುವುದಿಲ್ಲ; ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಅದಕ್ಕೆಂದೇ ಇರುವ ಸಾಫ್ಟ್‌ವೇರಿನಲ್ಲಿ ಓದಬೇಕು. ನನ್ನ ಅಕ್ಕನ ಮಗನಿಗೆ ಮಾರಿದವರು ಮೂವತ್ತು ಸಾವಿರವಷ್ಟೇ ಓಡಿದೆಯೆಂದಿದ್ದರು. ನಾವು ಜೋಡಿಸಿ ನೋಡಿದಾಗ ಒಂದು ಲಕ್ಷ ದಾಟಿತ್ತು. ಅವರ ಮಾತನ್ನು ನಂಬಿ ಹಣ ಎಣಿಸಿ ಕೊಟ್ಟು ಬಂದಾಗಿತ್ತು.

ಮೆಮೊರಿ ಕಾರ್ಡಿನ ಬಾಗಿಲು ತೆರೆದು ಟಾರ್ಚ್ ಬಿಟ್ಟು ಒಳಗೆ ನೋಡುವುದನ್ನೂ ಮರೆಯಬಾರದು. ಇವುಗಳಿಗೆ ಬೇಕಾದದ್ದು ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಕಾರ್ಡ್. ಸ್ಲಾಟಿನ ಆಳದಲ್ಲಿ ಸೂಜಿಯಂಥ ಪಿನ್ನುಗಳ ಎರಡು ಸಾಲುಗಳಿರುತ್ತವೆ, ಕಾರ್ಡನ್ನು ಓರೆಯಾಗಿ ತುರುಕಿದವರ ಕೈಯಲ್ಲಿ ಅವುಗಳಲ್ಲೊಂದು ಬಾಗಿದ್ದರೂ ರಿಪೇರಿಯ ಖರ್ಚು ತಲೆ ಮೇಲೆ ಬರುತ್ತದೆ. ಸೆನ್ಸರಿನ ಧೂಳು ತಿಳಿಯಲು ಎಫ್ 16ರಲ್ಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ನೋಡಿದರೆ ಸಾಕು. ಮಲೆನಾಡಿನಲ್ಲಿ ಬಾಡಿಗಿಂತ ಲೆನ್ಸಿನ ಕಡೆ ಹೆಚ್ಚು ಗಮನ ಬೇಕು. ನಾಲ್ಕು ತಿಂಗಳ ಮಳೆಯಲ್ಲಿ ಬೀರುವಿನಲ್ಲಿಟ್ಟ ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬುತ್ತದೆ. ಹಿಂಬದಿಯಿಂದ ಟಾರ್ಚ್ ಹಿಡಿದರೆ ಮಾತ್ರ ಕಾಣುತ್ತದೆ. ಹಾಗೆಯೇ, ಕ್ರಾಪ್ ಸೆನ್ಸರಿಗೆಂದೇ ಮಾಡಿದ 18–55ರಂಥ ಇಎಫ್–ಎಸ್ ಲೆನ್ಸುಗಳು ಮನೆಯಲ್ಲಿದ್ದರೆ ಅವು 7ಡಿಗೆ ಹೊಂದುತ್ತವೆ, 5ಡಿ ಮಾರ್ಕ್ 2ಕ್ಕೆ ಕೂರುವುದೇ ಇಲ್ಲ. ಫುಲ್ ಫ್ರೇಮ್ ಬಾಡಿ ಅಗ್ಗಕ್ಕೆ ಬಂತೆಂದು ಹಿಗ್ಗಿದವರು ಲೆನ್ಸುಗಳನ್ನೆಲ್ಲ ಹೊಸದಾಗಿ ಕೊಳ್ಳಬೇಕಾಗಿ ಬರುವುದು ಹೀಗೆ.

ಯಾವ ಬಾಡಿ ಕೊಳ್ಳಲೆಂದು ನನ್ನ ಸ್ಟುಡಿಯೊಗೆ ಬಂದು ಕೇಳುವವರನ್ನು ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ನೀವು ತೆಗೆಯಬೇಕೆಂದಿರುವುದು ಎಷ್ಟು ದೂರದಲ್ಲಿರುತ್ತದೆ, ಮತ್ತು ಅಲ್ಲಿ ಬೆಳಕು ಎಷ್ಟಿರುತ್ತದೆ. ಶುಭಕಾರ್ಯಗಳ ಚಿತ್ರ ತೆಗೆದು ಬದುಕಬೇಕೆನ್ನುವವರಿಗೆ, ಕುಂದಾದ್ರಿ ಬೆಟ್ಟದಲ್ಲಿ ಟ್ರೈಪಾಡ್ ಊರಿ ಸೂರ್ಯೋದಯಕ್ಕೆ ಕಾಯುವವರಿಗೆ 5ಡಿ ಮಾರ್ಕ್ 2 ಹೇಳುತ್ತೇನೆ. ಹಕ್ಕಿ, ಕಾಡುಪ್ರಾಣಿ, ಶಾಲಾ ಕ್ರೀಡಾಕೂಟ ಎಂದವರಿಗೆ 7ಡಿ ಹೇಳುತ್ತೇನೆ, ಮಿಕ್ಕ ಹಣವನ್ನು ಲೆನ್ಸಿಗೆ ಹಾಕಿ ಎನ್ನುತ್ತೇನೆ. ನನ್ನ ಅಕ್ಕನ ಮಗ ಈಗ ನನ್ನ 7ಡಿಯನ್ನು ಮಂಡಗದ್ದೆಗೆ ಒಯ್ಯುತ್ತಾನೆ. ಅವನ 5ಡಿ ಮಾರ್ಕ್ 2 ನನ್ನ ಮದುವೆ ಕೆಲಸಗಳಿಗೆ ಎರಡನೆಯ ಬಾಡಿಯಾಗಿದೆ, ಅದಕ್ಕೆ ಬಾಡಿಗೆಯನ್ನೂ ಕೊಡುತ್ತೇನೆ. ಮನೆಯಲ್ಲೇ ಇನ್ನೊಂದು ಕ್ಯಾಮೆರಾ ಇದ್ದುದರಿಂದ ಅವನಿಗೆ ಹೀಗೆ ದಾರಿಯಾಯಿತು. ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ.

ಆದ್ದರಿಂದ ಆ ಲೇಖನಕ್ಕೆ ಪೂರಕವಾಗಿ ಈ ವಿವರಗಳನ್ನು ಪುರವಣಿಯಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಮಂಡಗದ್ದೆಯಲ್ಲಿ ಒಂದೇ ಜಾಗದಲ್ಲಿ ನಿಂತು, ಒಂದೇ ಲೆನ್ಸನ್ನು ಎರಡೂ ಬಾಡಿಗಳಿಗೆ ಬದಲಿಸಿ ತೆಗೆದ ಚಿತ್ರಗಳ ಮೂಲ ಫೈಲುಗಳು ನನ್ನ ಬಳಿ ಇವೆ. ಓದುಗರು ಪಕ್ಕಪಕ್ಕದಲ್ಲಿಟ್ಟು ನೋಡಲು ಅನುಕೂಲವಾಗುವುದಾದರೆ ಅವನ್ನು ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸ್ಟುಡಿಯೊ ಛಾಯಾಗ್ರಾಹಕ, ತೀರ್ಥಹಳ್ಳಿ