ಅವತ್ತು ನಾನು ನೋಡಿರಲಿಲ್ಲ ಕಣೋ

ಪ್ರೀತಿಯ ಗೆಳೆಯ,

ಭಾನುವಾರ ಒಬ್ಬನೇ ಹದಿನಾರು ಕೆರೆಗೆ ಹೋಗಿದ್ದೆ. ಪಟ್ಟೆತಲೆ ಹೆಬ್ಬಾತುಗಳು ಬಂದಿವೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದು ನಮ್ಮ ನಂಜನಗೂಡು ತಾಲ್ಲೂಕಿನ ಕೆಸರಲ್ಲಿ ಹಾಯಾಗಿ ಕೂತಿದ್ದವು. ಏರಿ ಮೇಲಿದ್ದವರೆಲ್ಲ ಅವನ್ನೇ ನೋಡುತ್ತಿದ್ದರು. ನಾನು ಜೊಂಡಿನ ಕಡೆ ಹೋದೆ.

ಬುಡದಲ್ಲಿ ಕಂದು ಬಣ್ಣದ್ದೊಂದು ಕೂತಿತ್ತು. ಕೊಳದ ಬಕ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಗಾಳಿ ಬೀಸಿತು. ಜೊಂಡು ವಾಲಿತು, ಹಕ್ಕಿಯೂ ಅದರ ಜೊತೆಗೇ ವಾಲಿತು! ಕೊಕ್ಕು ಮುಗಿಲಿಗೆ, ಕತ್ತು ಕಡ್ಡಿಯ ಹಾಗೆ ನೆಟ್ಟಗೆ. ಕತ್ತಿನುದ್ದಕ್ಕೂ ಇಳಿದ ಗೀರುಗಳು ಒಣಗಿದ ಎಲೆಗಳಲ್ಲಿ ಬೆರೆತುಹೋಗಿದ್ದವು. ಕೊಕ್ಕು ಮೇಲಿದ್ದರೂ ಹಳದಿ ಕಣ್ಣುಗಳು ಕೊಕ್ಕಿನ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದವು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಗೊತ್ತಿಲ್ಲ.

ಆಮೇಲೆ ಹಾರಿತು. ಕೊಳದ ಬಕ ಆಗಿದ್ದರೆ ರೆಕ್ಕೆ ಬಿಚ್ಚಿದ ತಕ್ಷಣ ಬೆಳ್ಳಗೆ ಕಾಣಬೇಕಿತ್ತು. ಬಕದ ಜಾತಿಯದೇ ಇನ್ನೊಂದು ಹಕ್ಕಿ, ಸಿನಮನ್ ಬಿಟರ್ನ್ ಆಗಿದ್ದರೆ ರೆಕ್ಕೆ ಪೂರ್ತಿ ಇಟ್ಟಿಗೆ ಬಣ್ಣ. ಇದರ ಭುಜದ ಹತ್ತಿರ ತಿಳಿಹಳದಿ, ಅಂಚಿನ ಗರಿಗಳು ಕಪ್ಪು. ಯೆಲ್ಲೋ ಬಿಟರ್ನ್ ಕಣೋ. ಸಂದೇಹವೇ ಇಲ್ಲ.

ಇದನ್ನು ಆರು ವರ್ಷದ ಹಿಂದೆಯೇ ಇಬ್ಬರೂ ನೋಡಿದ್ದೆವಲ್ಲ ಅಂತೀಯ. ನೀನು ನೋಡಿದ್ದೆ. ನಾನು ನೋಡಿರಲಿಲ್ಲ. ನೀನು ಊರು ಬಿಡುವ ಹಿಂದಿನ ಬೆಳಿಗ್ಗೆ ಅದು. ಬೆರಳು ತೋರಿಸಿ ಮೂರು ಸಲ ಹೇಳಿದೆ. ನನ್ನ ಬೈನಾಕ್ಯುಲರಿನಲ್ಲಿ ಬರೀ ಜೊಂಡು. ನಿನ್ನ ಖುಷಿ ಕೆಡಿಸೋಕೆ ಮನಸ್ಸಾಗದೆ "ಕಂಡಿತು" ಅಂದುಬಿಟ್ಟೆ. ನಾವು ಕಂಡ ಹಕ್ಕಿಗಳ ಪಟ್ಟಿಯಲ್ಲಿ ಇಬ್ಬರ ಹೆಸರೂ ಹೋಯಿತು. ಆ ಪಟ್ಟಿಯನ್ನು ಎಲ್ಲರೂ ನೋಡುವಲ್ಲಿ ಹಾಕಿದ್ದೆವು ಅಲ್ವಾ, ಅದಕ್ಕೇ ಇದನ್ನೂ ಎಲ್ಲರೂ ಓದುವಲ್ಲೇ ಬರೆಯುತ್ತಿದ್ದೇನೆ. ನಿನ್ನೆ ನನ್ನ ಪಟ್ಟಿಯಿಂದ ಅವತ್ತಿನದನ್ನು ತೆಗೆದೆ.

ಅವತ್ತೇ ವಾಪಸ್ ಬರುವಾಗ ನೀನು ನಿಮ್ಮಪ್ಪನ ವಿಷಯ ಹೇಳಿದೆ. "ಅರ್ಥ ಆಯ್ತು ಕಣೋ" ಅಂದಿದ್ದೆ. ಆಗಿರಲಿಲ್ಲ. ನಾಳೆಯಿಂದ ನೀನು ಇರೋಲ್ಲ ಅನ್ನೋದೊಂದೇ ತಲೆಯಲ್ಲಿತ್ತು. ಹೋದ ವರ್ಷ ನಮ್ಮಪ್ಪ ಹಾಸಿಗೆ ಹಿಡಿದಾಗ, ರಾತ್ರಿ ಅವರ ಪಕ್ಕ ಕೂತಿರುವಾಗ, ನೀನು ಹೇಳಿದ ಮಾತು ಒಂದೊಂದಾಗಿ ನೆನಪಾಯಿತು. ಅಪ್ಪನಿಗೆ ಸ್ನಾನ ಮಾಡಿಸುವಾಗ ಕೈ ನಡುಗಿತು ಅಂದಿದ್ದೆಯಲ್ಲ, ಅದು ಕೂಡ. ಎಷ್ಟೋ ಸಲ ಫೋನ್ ಕೈಗೆ ತೆಗೆದುಕೊಂಡೆ. ಇಷ್ಟು ವರ್ಷ ತಡವಾಗಿ ಏನಂತ ಹೇಳಲಿ? ಸುಮ್ನೆ ಇಟ್ಟುಬಿಟ್ಟೆ. ಅದು ತಪ್ಪು.

ಇದನ್ನೆಲ್ಲ ಬರೆಯೋಕೆ ಅಂತ ಕೂತಿರಲಿಲ್ಲ. ಹಕ್ಕಿ ವಿಷಯಕ್ಕೇ ಬರುತ್ತೇನೆ. ಹಣೆಗೆ ನಾಮ ಇಟ್ಟುಕೊಂಡ ನಾಮದ ಕೋಳಿಗಳು ಈ ಸಲ ಜಾಸ್ತಿ ಇವೆ. ಗುಳುಮುಳುಕ ಎಂದಿನಂತೆ ಎಣಿಸೋಕೆ ಬಿಡಲಿಲ್ಲ, ಇಲ್ಲಿ ಮುಳುಗಿ ಅಲ್ಲಿ ಏಳುತ್ತಿತ್ತು. ನಾವು "ಮೇಷ್ಟ್ರು" ಅಂತ ಹೆಸರಿಟ್ಟಿದ್ದ ಹಕ್ಕಿರಾಯರು ಅದೇ ಕಲ್ಲಿನ ಮೇಲೆ ರೆಕ್ಕೆ ಹರಡಿಕೊಂಡು ಕೂತಿದ್ದಾರೆ, ನಿನ್ನನ್ನು ಕೇಳಿದರು.

ಹೆಬ್ಬಾತುಗಳು ಹೊರಡುವ ಮೊದಲು ಬಾ. ಫ್ಲಾಸ್ಕು ನಾನು ತರುತ್ತೇನೆ, ಮೂರನೇ ಬನ್ನು ನಿನ್ನದೇ. ಈ ಸಲ ನೀನು ತೋರಿಸಿದ್ದು ಕಾಣದಿದ್ದರೆ ಕಾಣಲಿಲ್ಲ ಅಂತೀನಿ. ಕಾಣುವ ತನಕ ತೋರಿಸುತ್ತಿರು.

ನಿನ್ನವ