ಎಂಜಿಬಿ ಕಟ್ಟುವಾಗ ಅಶ್ವಶಕ್ತಿ ಕೊನೆಯ ಮಾತಾಗಲಿ

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಮರುಜೀವ ಕೊಡುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಎಂಜಿನ್ನಿನಿಂದ ಶುರುವಾಗಿ ಎಂಜಿನ್ನಿನಲ್ಲೇ ಮುಗಿದಿದೆ. ಎಷ್ಟು ಅಶ್ವಶಕ್ತಿ, ಯಾವ ಕಾರ್ಬುರೇಟರ್, ವಾಲ್ವ್ ತೆರೆಯುವ ಕ್ಯಾಮ್ ಯಾವುದು, ಅಷ್ಟೇ. ಬಾಡಿ ನಡುವಿನಲ್ಲಿ ಕುಸಿದಿದ್ದರೆ, ಟಾಪ್ ಗೇರಿನಲ್ಲೂ ಎಂಜಿನ್ ಅರಚುತ್ತಿದ್ದರೆ, ಬಂಕಿನ ಪೆಟ್ರೋಲೇ ಪೈಪನ್ನು ತಿನ್ನುತ್ತಿದ್ದರೆ ಆ ಶಕ್ತಿ ಇದ್ದೇನು ಬಂತು? ತೀರ್ಮಾನಗಳ ಸರದಿ ತಲೆಕೆಳಗಾಗಬೇಕು.

ಮಾತು ತೇಲಿ ಹೋಗದಿರಲಿ ಎಂದು ಒಂದೇ ಕಾರನ್ನು ತೆಗೆದುಕೊಳ್ಳುತ್ತೇನೆ: ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು ಎಂಜಿಬಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರಿದು. ಬಿಡಿಭಾಗ ಈಗಲೂ ಸಿಗುತ್ತದೆ, ಹೊಸ ಬಾಡಿಶೆಲ್ ಕೂಡ. ನಮ್ಮವರಿಗೆ ಇದರೊಡನೆ ಇನ್ನೊಂದು ನಂಟುಂಟು. ಇದರ 1,798 ಸಿಸಿ ಎಂಜಿನ್, ಅಂಬಾಸಡರ್‌ನ 1,489 ಸಿಸಿ ಎಂಜಿನ್ ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ (ಬಿಎಂಸಿ) 'ಬಿ' ಸರಣಿಯವು. ಎರಡರ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.9 ಮಿ.ಮೀ.; ಬೋರ್ (ಸಿಲಿಂಡರಿನ ಒಳವ್ಯಾಸ) ಮಾತ್ರ ಇದರದು 80.26, ಅದರದು 73.025. ಹಾಗಾಗಿ ಅಂಬಾಸಡರ್ ಬಿಚ್ಚಿ ಜೋಡಿಸಿ ಕೈ ಪಳಗಿದ ಮೇಸ್ತ್ರಿಗೆ ಇದರ ಸ್ವಭಾವ ಅಪರಿಚಿತವಲ್ಲ. ಆದರೆ ಪಿಸ್ಟನ್, ಗ್ಯಾಸ್ಕೆಟ್ ಕೂಡ ಅದರವೇ ಹೊಂದುತ್ತವೆ ಎಂದುಕೊಂಡರೆ ಕೆಟ್ಟಿರಿ.

ಮೊದಲು ಬಳಕೆ ನಿರ್ಧಾರವಾಗಬೇಕು. ಅದನ್ನು ಅರ್ಧ ಭಾಗ ಕಾನೂನೇ ನಿರ್ಧರಿಸಿಬಿಟ್ಟಿದೆ. 2021ರ ಜುಲೈನಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನ ಮಾತ್ರ ವಿಂಟೇಜ್. ಚಾಸಿ, ಬಾಡಿಶೆಲ್ ಅಥವಾ ಎಂಜಿನ್ ಮಾರ್ಪಡಿಸಿದ್ದರೆ ಅದು ಆ ಸಾಲಿಗೆ ಸೇರುವುದಿಲ್ಲ. 'ವಿಎ' ಅಕ್ಷರಗಳಿರುವ ಸಂಖ್ಯೆ ಪಡೆಯಲು ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000; ಅವಧಿ 10 ವರ್ಷ. ಆ ಸಂಖ್ಯೆಯ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ರಿಪೇರಿಗೆ ರಸ್ತೆಗಿಳಿಸಬಹುದು. ದಿನವೂ ಆಫೀಸಿಗೆ ಒಯ್ಯುವಂತಿಲ್ಲ. ಹೀಗಿರುವಾಗ ನಿಮ್ಮ ಬರಹ ಆಸೆ ತೋರಿಸಿದ ರೋವರ್ ವಿ8 ಎಂಜಿನ್ ಕಸಿ ಇಲ್ಲಿ ಆರಂಭದಲ್ಲೇ ಬಿದ್ದುಹೋಗುತ್ತದೆ. ಕಾರ್ಖಾನೆಯೇ 3,528 ಸಿಸಿಯ ಆ ಎಂಜಿನ್ ಕೂರಿಸಿ 1973ರಿಂದ 1976ರವರೆಗೆ 2,591 ಜಿಟಿಗಳನ್ನು (ಮುಚ್ಚಿದ ಛಾವಣಿಯ ಎಂಜಿಬಿ) ಮಾಡಿದ್ದು ನಿಜ. ನಿಮ್ಮ ಕಾರು ಆ 2,591ರಲ್ಲಿ ಒಂದಲ್ಲದಿದ್ದರೆ ಆ ಮಾತು ಬಿಡಿ.

ಉಳಿದದ್ದು ಭಾನುವಾರದ ಇನ್ನೂರು ಕಿಲೊಮೀಟರ್ ರ‍್ಯಾಲಿ: ಹೊರಡುವಾಗ ಊರಿನ ಟ್ರಾಫಿಕ್, ಆಮೇಲೆ ಹೆದ್ದಾರಿ, ಮತ್ತೆ ಟ್ರಾಫಿಕ್. ಈ ಕೆಲಸಕ್ಕೆ ಹೊಂದುವ ಕಾರು 1968ರಿಂದ 1974ರ ನಡುವಿನ ಕ್ರೋಮ್ ಬಂಪರ್‌ನದು. 1964ರ ಕೊನೆಗೆ ಎಂಜಿನ್‌ಗೆ ಮೂರರ ಬದಲು ಐದು ಮೇನ್ ಬೇರಿಂಗ್ (ಕ್ರ್ಯಾಂಕ್ ಹೊರುವ ಬೇರಿಂಗ್) ಬಂದವು. 1967ರ ಕೊನೆಯಲ್ಲಿ ಮೊದಲ ಗೇರಿಗೂ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊಮೆಶ್ ಬಂತು, ಡೈನಮೊ ಹೋಗಿ ಆಲ್ಟರ್ನೇಟರ್ ಬಂತು, ಬ್ಯಾಟರಿಯ ಅರ್ತ್ ಪಾಸಿಟಿವ್‌ನಿಂದ ನೆಗೆಟಿವ್‌ಗೆ ತಿರುಗಿತು. 1974ರ ಶರತ್ಕಾಲದ ನಂತರ ಅಮೆರಿಕದ ನಿಯಮಕ್ಕಾಗಿ ದಪ್ಪ ಕಪ್ಪು ಬಂಪರ್ ಹಾಕಿ, ಕಾರನ್ನು ಒಂದು-ಒಂದೂವರೆ ಇಂಚಿನಷ್ಟು ಎತ್ತರಿಸಿದರು. ತಿರುವಿನಲ್ಲಿ ಅದು ವಾಲುತ್ತದೆ.

ಹಣದ ದೊಡ್ಡ ಪಾಲು ಹೋಗಬೇಕಾದದ್ದು ಬಾಡಿಗೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗಿನ ಸಿಲ್‌ಗಳೇ ಬೆನ್ನೆಲುಬು. ಹೊರಸಿಲ್, ಒಳಹಲಗೆ, ಅಡಿಯಲ್ಲಿ ಕ್ಯಾಸಲ್ ರೈಲ್ ಎಂದು ಪದರಗಳಿವೆ, ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಕೊಳ್ಳುವ ಮುನ್ನ ಹೀಗೆ ನೋಡಿ: ಬಾಗಿಲು ಮುಚ್ಚಿ ಅದರ ಹಿಂಬದಿಯ ಸಂದು ಅಳೆಯಿರಿ, ಸಿಲ್‌ನ ಜಾಕ್ ಜಾಗದಲ್ಲಿ ಎತ್ತಿ ಮತ್ತೆ ಅಳೆಯಿರಿ. ಸಂದು ಬದಲಾದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಸಿಲ್ ಸತ್ತಿದೆ, ಹೊರಗೆ ಬಣ್ಣ ಎಷ್ಟೇ ಮಿಂಚಲಿ. ಸಿಲ್ ಕತ್ತರಿಸುವ ಮೊದಲು ಬಾಗಿಲ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಚೌಕ ಪೈಪನ್ನು ವೆಲ್ಡ್ ಮಾಡಿ ಬಿಗಿಯಬೇಕು. ಕಾರು ಚಕ್ರದ ಮೇಲೆಯೇ ನಿಂತಿರಬೇಕು. ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ತೆರೆದ ರೋಡ್‌ಸ್ಟರ್ ಬಾಳೆಹಣ್ಣಿನಂತೆ ಬಾಗುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಪುಟ್ಟಿ ಮೆತ್ತಿ ಬಣ್ಣ ಹೊಡೆಯುವ ಟಿಂಕರ್ ಅಂಗಡಿಗೆ ಈ ಕೆಲಸ ಕೊಡಬೇಡಿ.

ಎರಡನೆಯದು ಗೇರ್‌ಬಾಕ್ಸ್. ಹೆದ್ದಾರಿಯಲ್ಲಿ ಈ ಕಾರನ್ನು ಓಡಿಸುವಂತೆ ಮಾಡುವ ಒಂದೇ ಒಂದು ಭಾಗ ಯಾವುದೆಂದರೆ ಲೇಕಾಕ್ ಓವರ್‌ಡ್ರೈವ್, ಅದೇ ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಘಟಕ. ಹಿಂದಿನ ಆ್ಯಕ್ಸಲ್ ಅನುಪಾತ 3.909. ನಾಲ್ಕನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಹೋದರೆ ಎಂಜಿನ್ ನಿಮಿಷಕ್ಕೆ ಸುಮಾರು 3,450 ಸುತ್ತು ತಿರುಗುತ್ತದೆ. 0.82 ಅನುಪಾತದ ಓವರ್‌ಡ್ರೈವ್ ಹಾಕಿದರೆ ಅದು ಸುಮಾರು 2,830ಕ್ಕೆ ಇಳಿಯುತ್ತದೆ. ಸದ್ದು, ಬಿಸಿ, ಪೆಟ್ರೋಲ್ ಖರ್ಚು ಎಲ್ಲ ಕಡಿಮೆ. ಆದರೆ ಈಗಿರುವ ಬಾಕ್ಸ್ ಹಿಂದೆ ಅದನ್ನು ಬೋಲ್ಟ್ ಹಾಕಿ ಕೂರಿಸಲಾಗದು, ಮೇನ್‌ಶಾಫ್ಟೇ ಬೇರೆ. ಓವರ್‌ಡ್ರೈವ್ ಇರುವ ಇಡೀ ಬಾಕ್ಸನ್ನೇ ಹುಡುಕಿ. ನಮ್ಮಲ್ಲಿ ಆಗುವ ದೊಡ್ಡ ತಪ್ಪು ಎಣ್ಣೆಯದು: ಗೇರ್‌ಬಾಕ್ಸ್ ಎಂದರೆ ಇಪಿ 90 ಎಂದು ಸುರಿಯುತ್ತಾರೆ. ಇದಕ್ಕೆ ಬೇಕಾದದ್ದು 20ಡಬ್ಲ್ಯು-50 ಎಂಜಿನ್ ಆಯಿಲ್. ಗೇರ್ ಆಯಿಲ್‌ನಲ್ಲಿರುವ ರಾಸಾಯನಿಕಕ್ಕೆ ಓವರ್‌ಡ್ರೈವ್‌ನ ಕೋನ್ ಕ್ಲಚ್ ಜಾರುತ್ತದೆ. ಆಮೇಲೆ 'ಇಂಗ್ಲಿಷ್ ಮಾಲು, ಹೀಗೇ' ಎಂದು ದೂರು.

ಎಂಜಿನ್‌ನಲ್ಲಿ ಹಣ ಹಾಕಬೇಕಾದದ್ದು ಸಿಲಿಂಡರ್ ಹೆಡ್‌ಗೆ. 2000ದಿಂದ ನಮ್ಮಲ್ಲಿ ಸೀಸದ ಪೆಟ್ರೋಲ್ ಇಲ್ಲ. ಸೀಸದ ರಕ್ಷಣೆ ಇಲ್ಲದೆ ಎರಕದ ಹೆಡ್‌ನ ಎಕ್ಸಾಸ್ಟ್ ವಾಲ್ವ್ ಸೀಟುಗಳು ಸವೆದು ವಾಲ್ವ್ ಒಳಗಿಳಿಯುತ್ತದೆ. ಗಟ್ಟಿ ಉಕ್ಕಿನ ಸೀಟುಗಳನ್ನು ಹಾಕಿಸಿ. ಬೋರ್ ಸವೆದಿದ್ದರೆ 0.020 ಅಥವಾ 0.040 ಇಂಚು ದೊಡ್ಡದು ಮಾಡಿಸಿದರೆ ಸಾಕು. 0.060ಕ್ಕೆ ಹೋದರೆ 1,868 ಸಿಸಿ ಆಗುತ್ತದೆ, ಮುಂದಿನ ಸಲ ಬೋರ್ ಮಾಡಿಸಲು ಗೋಡೆ ತೀರಾ ತೆಳು. ಮೂಲ ಕ್ಯಾಮ್ ಬದಲಿಸಬೇಡಿ. 'ಫಾಸ್ಟ್' ಕ್ಯಾಮ್ ಶಕ್ತಿಯನ್ನು 3,000 ಸುತ್ತಿನ ಮೇಲೆ ಕೊಂಡೊಯ್ಯುತ್ತದೆ, ನಮ್ಮ ಸಿಗ್ನಲ್‌ಗಳ ನಡುವೆ ಅಲ್ಲಿಗೆ ತಲುಪುವುದೇ ಇಲ್ಲ. ವಾಲ್ವ್ ಅಂತರ ತಣ್ಣಗಿದ್ದಾಗ 0.015 ಇಂಚು, ಅಂದರೆ 0.38 ಮಿ.ಮೀ. ಎರಡು ವಾಲ್ವ್ ಸಂಖ್ಯೆಗಳ ಮೊತ್ತ ಒಂಬತ್ತಾಗುವ ಲೆಕ್ಕ ನೆನಪಿಡಿ: 8ನೇ ವಾಲ್ವ್ ಪೂರ್ತಿ ಕೆಳಗಿದ್ದಾಗ 1ನೆಯದನ್ನು ಹೊಂದಿಸಿ, 6ನೆಯದು ಕೆಳಗಿದ್ದಾಗ 3ನೆಯದನ್ನು, ಹೀಗೆ.

ಕಾರ್ಬುರೇಟರ್ ವಿಷಯಕ್ಕೆ ಬಂದರೆ ನಿಮ್ಮ ಬರಹ ವೆಬರ್ 45 ಎಂಬ ದೊಡ್ಡ ಕಾರ್ಬುರೇಟರ್‌ಗೆ ಮರುಳಾಗಿದೆ. ನಾಲ್ಕು ಸಿಲಿಂಡರ್‌ಗಳಿಗೆ ಇದರಲ್ಲಿರುವುದು ಎರಡೇ ಇನ್ಲೆಟ್ ಪೋರ್ಟ್, ಒಂದೊಂದರಿಂದ ಎರಡು ಸಿಲಿಂಡರ್ ಕುಡಿಯಬೇಕು. ಸಿಲಿಂಡರ್‌ಗಳು ಉರಿಯುವ 1-3-4-2 ಸರದಿಯಲ್ಲಿ ಜೊತೆಗಾರರಿಬ್ಬರು ಬೆನ್ನಿಗೆ ಬೆನ್ನು ಎಳೆಯುವುದರಿಂದ ಒಬ್ಬನ ಪಾಲನ್ನು ಇನ್ನೊಬ್ಬ ಕಸಿಯುತ್ತಾನೆ. ವೆಬರ್ ಹಾಕಿದರೆ ಈ ಜಗಳ ತೀರದು. ಮೂಲದ ಜೋಡಿ ಎಸ್‌ಯು ಕಾರ್ಬುರೇಟರ್ (1971ರವರೆಗಿನ ಕಾರುಗಳಲ್ಲಿ ಎಚ್‌ಎಸ್4, ಆಮೇಲೆ ಎಚ್‌ಐಎಫ್4) ಈ ಎಂಜಿನ್‌ಗೆ ಸಾಕಷ್ಟು ಸಾಲುತ್ತದೆ, ಮೂಲರೂಪಕ್ಕೂ ಧಕ್ಕೆಯಿಲ್ಲ.

ಈಗಿನ ನಿಜವಾದ ತಲೆನೋವು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಬರಹದಲ್ಲಿ ಅದರ ಹೆಸರೇ ಇಲ್ಲ! ಶುದ್ಧ ಪೆಟ್ರೋಲ್‌ಗೆ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ 13.5ರ ಹತ್ತಿರ ಸಾಕು. ಅಂದರೆ ಅದೇ ಗಾಳಿಗೆ ಶೇ. 9ರಷ್ಟು ಹೆಚ್ಚು ಇಂಧನ ಹೋಗಬೇಕು. ಹಳೆಯ ಹೊಂದಾಣಿಕೆಯಲ್ಲಿ ಬಿಟ್ಟರೆ ಎಂಜಿನ್ ಬಿಸಿಯಾಗುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಕಾರ್ಬುರೇಟರ್ ಮೂಲಕ ಉಗುಳುತ್ತದೆ. ಎಚ್‌ಎಸ್4ನ ಜೆಟ್ ತುದಿ ಕಾರ್ಬುರೇಟರ್ ಒಳಗಿನ ಬ್ರಿಜ್‌ಗೆ (ಗಾಳಿದಾರಿಯ ತಳಕ್ಕೆ) ಸಮವಾಗುವವರೆಗೆ ನಟ್ಟನ್ನು ಏರಿಸಿ, 12 ಮುಖದಷ್ಟು, ಅಂದರೆ ಎರಡು ಸುತ್ತು ಕೆಳಗಿಳಿಸಿ ಅಲ್ಲಿಂದ ಶುರು ಮಾಡಿ. ಕಾರ್ಬುರೇಟರ್‌ನ ಪಿಸ್ಟನ್ನನ್ನು 0.8 ಮಿ.ಮೀ. ಮಾತ್ರ ಎತ್ತಿ ನೋಡಿ: ಎಂಜಿನ್ ವೇಗ ಏರಿ ಹಾಗೇ ಉಳಿದರೆ ರಿಚ್ (ಪೆಟ್ರೋಲ್ ಹೆಚ್ಚು), ಬಿದ್ದರೆ ಲೀನ್ (ಪೆಟ್ರೋಲ್ ಕಡಿಮೆ), ಒಂದು ಕ್ಷಣ ಏರಿ ಸ್ಥಿರವಾದರೆ ಸರಿ. ಐಡ್ಲಿಂಗ್ ಸರಿಯಾದರೂ ವೇಗದಲ್ಲಿ ಲೀನ್ ಆಗಿದ್ದರೆ ಜೆಟ್ ತಿರುಗಿಸಿ ಪ್ರಯೋಜನವಿಲ್ಲ, ಕೈಪಿಡಿಯಲ್ಲಿ 'ರಿಚ್' ಎಂದು ಕೊಟ್ಟ ನೀಡಲ್‌ಗೇ (ಇಂಧನ ಅಳೆಯುವ ಸೂಜಿ) ಬದಲಿಸಬೇಕು. ಆ ಪಿಸ್ಟನ್ ಮೇಲಿನ ಡ್ಯಾಶ್‌ಪಾಟ್‌ಗೆ ಎಸ್‌ಎಇ 20 ಎಣ್ಣೆ.

ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಎಸ್‌ಎಇ ಜೆ30 ಆರ್9 ದರ್ಜೆಗೆ ಬದಲಿಸಿ. ಹಳೆಯ ರಬ್ಬರ್ ಉಬ್ಬಿ ಒಳಗಿನ ಪದರ ಚೂರುಚೂರಾಗಿ ಸೂಜಿ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಕಾರ್ಬುರೇಟರ್ ತುಂಬಿ ಹರಿಯುತ್ತದೆ. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇರುವುದರಿಂದ ಇದು ಬೆಂಕಿಯ ಮಾತು. ಟ್ಯಾಂಕಿನ ಹಳೆಯ ಲೇಪ ಎಥನಾಲ್‌ಗೆ ಕರಗಿ ಫಿಲ್ಟರ್ ಕಟ್ಟುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲುವ 'ವಿಎ' ಕಾರುಗಳ ಟ್ಯಾಂಕ್ ತಳ ತುಕ್ಕು ಹಿಡಿಯುವುದೂ ಬೇಗ. ಕಾರ್ಬುರೇಟರ್ ಹಿಂದಿನ ಹೀಟ್‌ಶೀಲ್ಡ್ ಕಿತ್ತು ಎಸೆದಿದ್ದರೆ ಮರಳಿ ಹಾಕಿ. ಥರ್ಮೋಸ್ಟಾಟ್ ತೆಗೆದುಬಿಡುವ ಅಂಬಾಸಡರ್ ಕಾಲದ ಚಾಳಿಯನ್ನೂ ಬಿಡಿ. 74 ಡಿಗ್ರಿಯದನ್ನು ಹಾಕಿದರೆ ನಮ್ಮ ಬೇಸಿಗೆಗೆ ಸರಿ.

ಬ್ರೇಕ್‌ಗಳ ಬಗ್ಗೆ ಒಂದೇ ಮಾತು. ಮುಂದಿನ 10.75 ಇಂಚಿನ ಡಿಸ್ಕ್ ಸಾಕು, ಆದರೆ ಹಳೆಯ ರಬ್ಬರ್ ಹೋಸ್ ಒಳಗೇ ಊದಿ ದ್ರವ ಹಿಂದೆ ಬರದೆ ಚಕ್ರ ಹಿಡಿದುಕೊಳ್ಳುತ್ತದೆ. ಎಲ್ಲವನ್ನೂ ಒಮ್ಮೆಗೇ ಬದಲಿಸಿ. ತಂತಿ ಚಕ್ರಗಳ ಮೋಹವಿದ್ದರೆ ಅದಕ್ಕೆ ಆ್ಯಕ್ಸಲ್ಲೇ ಬೇರೆ, ಕಿರಿದು. ಹಾಗಾಗಿ ಮೊದಲೇ ತೀರ್ಮಾನಿಸಿ. ಆ ಚಕ್ರ ಕೂರುವ ಹಲ್ಲುಗಳು (ಸ್ಪ್ಲೈನ್) ಸವೆದಿದ್ದರೆ ಗೇರ್ ಹಾಕಿ ಹೊರಡುವಾಗ 'ಟಕ್' ಎಂಬ ಸದ್ದು ಬರುತ್ತದೆ.

ಹೊಸ ಕ್ಯಾಮ್ ಅಥವಾ ಅದರ ಮೇಲೆ ಉಜ್ಜುವ ಟ್ಯಾಪೆಟ್ ಹಾಕಿದ್ದರೆ ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ತಾಳ್ಮೆ ಬೇಕು. ಪ್ಲಗ್ ತೆಗೆದು, ಎಣ್ಣೆಯ ಒತ್ತಡ ಗೇಜಿನಲ್ಲಿ ಕಾಣುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿ ಐಡಲ್‌ಗೆ ಬಿಡದೆ 20 ನಿಮಿಷ 2,000ರಿಂದ 2,500 ಸುತ್ತಿನಲ್ಲೇ ಇಡಿ, ಜಿಂಕ್ ಇರುವ 20ಡಬ್ಲ್ಯು-50 ಎಣ್ಣೆಯಲ್ಲಿ. ಐಡಲ್‌ನಲ್ಲಿ ಕ್ಯಾಮ್‌ಗೆ ಎಣ್ಣೆಯ ಚಿಮುಕು ಸಾಲದೆ ಟ್ಯಾಪೆಟ್ ಮುಖ ಮೊದಲ ದಿನವೇ ಕಿತ್ತುಹೋಗುತ್ತದೆ. 800 ಕಿ.ಮೀ. ಓಡಿದ ಮೇಲೆ ತಣ್ಣಗಿನ ಎಂಜಿನ್‌ನಲ್ಲಿ ಹೆಡ್ ನಟ್‌ಗಳನ್ನು 45ರಿಂದ 50 ಪೌಂಡ್-ಅಡಿಗೆ ಮತ್ತೆ ಬಿಗಿಮಾಡಿ, ನಂತರ ವಾಲ್ವ್ ಅಂತರ ನೋಡಿ.

ಇಂತಿ,
ಓದುಗ, ಮೈಸೂರು