ಸರ್ವರ್ ನಿಲ್ಲೋದಕ್ಕಿಂತ ನಿಲ್ಲದೇ ಇರೋದೇ ಭಯ

ಮಾನ್ಯ ಸಂಪಾದಕರೇ,

"ಸರ್ವರ್ ಡೌನ್, ಸಾರ್ವಜನಿಕರ ಪರದಾಟ" ಅಂತ ನಿಮ್ಮ ಹಾಸನ ಪುಟದಲ್ಲಿ ಆಗಾಗ ಬರ್ತಾನೇ ಇರುತ್ತೆ, ಓದಿದವ್ರು ಆಫೀಸಿನವ್ರನ್ನ ಬೈಕೊಂಡು ಪುಟ ತಿರುಗಿಸ್ತಾರೆ. ಬೈಯ್ಲಿ ಬಿಡಿ, ಎಷ್ಟೋ ಸಲ ಬೈಸ್ಕೊಳ್ಳೋ ಕೆಲಸಾನೇ ಆಗಿರುತ್ತೆ. ನಾನು ಇಲ್ಲಿ ಸೊಸೈಟಿ, ನರ್ಸಿಂಗ್ ಹೋಂ, ಕಾಫಿ ವ್ಯಾಪಾರದವ್ರ ಆಫೀಸು ಇಂಥ ಕಡೆ ಸರ್ವರ್ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ನೋಡ್ಕೊಳ್ಳೋನು, ನನಗೆ ನಿಂತ ಸರ್ವರ್ ಕಂಡ್ರೆ ಅಷ್ಟೇನೂ ಗಾಬರಿ ಇಲ್ಲ, ಮೆಮೊರಿ ಕೆಟ್ಟಿದ್ರೂ ಏನೂ ಆಗಿಲ್ಲ ಅನ್ನೋ ಥರ ಓಡ್ತಾ ತಪ್ಪು ಲೆಕ್ಕ ಕೊಡೋ ಸರ್ವರ್ ಕಂಡ್ರೆ ಗಾಬರಿ. ಅದು ಯಾವತ್ತೂ ಸುದ್ದಿ ಆಗಲ್ಲ, ಯಾಕಂದ್ರೆ ಯಾರಿಗೂ ಗೊತ್ತಾಗೋದೇ ಇಲ್ಲ.

ಗೊತ್ತಾದ ಒಂದು ಕಥೆ ಇದೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೇಕ್ ಅನ್ನೋ ಕಡೆ ಎಲೆಕ್ಟ್ರಾನಿಕ್ ಮತದಾನದಲ್ಲಿ ಒಬ್ಬ ಅಭ್ಯರ್ಥಿಗೆ 4096 ವೋಟು ಜಾಸ್ತಿ ಬಂದ್ಬಿಟ್ಟಿತ್ತು. ಲೆಕ್ಕಕ್ಕೆ ಮೀರಿದ ಸಂಖ್ಯೆ ಆಗಿದ್ದಕ್ಕೆ ಸಿಕ್ಕಿಬಿತ್ತು. ಕಂಪ್ಯೂಟರ್ ಸಂಖ್ಯೆನ ಸೊನ್ನೆ, ಒಂದು ಅನ್ನೋ ಎರಡೇ ಅಂಕಿಯಲ್ಲಿ (ಬೈನರಿ) ಇಡುತ್ತೆ, ಅದರ ಒಂದೊಂದು ಅಂಕಿನೇ ಬಿಟ್; ಬಲಗಡೆಯಿಂದ ಹದಿಮೂರನೇ ಬಿಟ್ ಸೊನ್ನೆಯಿಂದ ಒಂದಾದ್ರೆ ಕರೆಕ್ಟಾಗಿ 4096 ಏರುತ್ತೆ, ಸಾಫ್ಟ್‌ವೇರ್‌ನಲ್ಲಿ ತಪ್ಪು ಸಿಗಲಿಲ್ಲ, ಮೆಮೊರಿಯ ಒಂದು ಬಿಟ್ ತಾನಾಗೇ ತಿರುಗಿರಬೇಕು ಅಂತ ತೀರ್ಮಾನಕ್ಕೆ ಬಂದ್ರು. ಅದೇ ನಾಲ್ಕನೇ ಬಿಟ್ ತಿರುಗಿದ್ರೆ ಎಂಟೇ ಎಂಟು ವೋಟು, ಯಾರು ಕೇಳ್ತಿದ್ರು?

ಇದಕ್ಕೆ ಮದ್ದು ಹಳೇದೇ, ಇಸಿಸಿ ಮೆಮೊರಿ, ಅಂದ್ರೆ ತನ್ನ ತಪ್ಪು ತಾನೇ ಹಿಡಿಯೋ ಮೆಮೊರಿ. 64 ಬಿಟ್ ಡೇಟಾ ಜೊತೆ ಇನ್ನೂ 8 ಬಿಟ್ ಚೆಕ್ ಮಾಡೋಕೆ ಇಟ್ಕೊಂಡಿರುತ್ತೆ, ಒಂದು ಬಿಟ್ ತಪ್ಪಾದ್ರೆ ತಾನೇ ಸರಿ ಮಾಡುತ್ತೆ, ಎರಡು ತಪ್ಪಾದ್ರೆ ಸರಿ ಮಾಡೋಕಾಗಲ್ಲ ಆದ್ರೆ ತಪ್ಪಾಗಿದೆ ಅಂತ ಕೂಗುತ್ತೆ. ಗೂಗಲ್‌ನವ್ರ ಸರ್ವರ್‌ಗಳ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಮೂರರಲ್ಲಿ ಒಂದು ಮಷಿನ್‌ಗೆ ಸರಿಪಡಿಸಬಹುದಾದ ಎರರ್ ಬಂದಿತ್ತು, ಸರಿಪಡಿಸೋಕಾಗದ ಎರರ್ ಶೇ. 1.3ರಷ್ಟು ಮಷಿನ್‌ಗಳಿಗೆ. ಆಕಾಶದಿಂದ ಬರೋ ಕಾಸ್ಮಿಕ್ ಕಿರಣದ ಮೇಲೇ ಎಲ್ಲಾ ತಪ್ಪು ಹೊರಿಸೋಹಾಗಿಲ್ಲ, ಬಹುಪಾಲು ಹಾರ್ಡ್‌ವೇರ್ ಕೆಟ್ಟಿದ್ದರಿಂದಲೇ ಅಂತ ಅದೇ ಅಧ್ಯಯನ ಹೇಳುತ್ತೆ. ಇಲ್ಲಿ ನಾನು ನೋಡೋ ಎಷ್ಟೋ ಆಫೀಸಲ್ಲಿ ಸರ್ವರ್ ಅಂದ್ರೆ ಅಸೆಂಬಲ್ ಮಾಡ್ಸಿದ ಡೆಸ್ಕ್‌ಟಾಪು, ಅದರಲ್ಲಿ ಇಸಿಸಿ ಇರಲ್ಲ, ಕೂಗೋಕೆ ಬಾಯೇ ಇಲ್ಲ ಅಂತಾಯ್ತು.

ಸರಿ, ಹಾರ್ಡ್‌ವೇರ್ ಕೂಗ್ತು ಅಂತಿಟ್ಕೊಳ್ಳಿ, ಕೇಳಿಸ್ಕೊಳ್ಳೋದು ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಂನ ಒಳಭಾಗ. ಲಿನಕ್ಸ್‌ನಲ್ಲಿ ಈ ವ್ಯವಸ್ಥೆ 2009ರಿಂದ ಇದೆ. ಕೆಟ್ಟ ಜಾಗ ಯಾವ ಪೇಜ್‌ನಲ್ಲಿದೆ (ಪೇಜ್ ಅಂದ್ರೆ ಮೆಮೊರಿಯ ಒಂದು ತುಂಡು, ಸಾಮಾನ್ಯವಾಗಿ 4 ಕೆಬಿ), ಅದನ್ನ ಯಾರು ಬಳಸ್ತಿದಾರೆ ಅಂತ ಹುಡುಕುತ್ತೆ. ಡಿಸ್ಕ್‌ನಲ್ಲಿರೋ ಫೈಲಿನ ಕಾಪಿ ಆಗಿದ್ರೆ ಎಸೆದು ಮತ್ತೆ ಡಿಸ್ಕ್‌ನಿಂದ ಓದ್ಕೊಳ್ಳುತ್ತೆ, ಯಾರಿಗೂ ತೊಂದ್ರೆ ಇಲ್ಲ. ಯಾವುದೋ ಪ್ರೋಗ್ರಾಂನ ಸ್ವಂತ ಡೇಟಾ ಆಗಿದ್ರೆ ಆ ಪ್ರೋಗ್ರಾಂಗೆ ಸಿಗ್‌ಬಸ್ ಅನ್ನೋ ಸಿಗ್ನಲ್ ಕಳಿಸಿ ಸಾಮಾನ್ಯವಾಗಿ ಅದೊಂದನ್ನೇ ಸಾಯಿಸುತ್ತೆ, ಉಳಿದಿದ್ದು ಓಡ್ತಿರುತ್ತೆ. ಕರ್ನಲ್‌ನ ಸ್ವಂತ ಜಾಗವೇ ಕೆಟ್ಟಿದ್ರೆ ಹೆಚ್ಚಿನ ಸಲ ಪ್ಯಾನಿಕ್, ಪೂರ್ತಿ ಸಿಸ್ಟಂ ನಿಲ್ಲುತ್ತೆ, ಆಗ ಹೊರಗಡೆ ಕ್ಯೂ ನಿಂತವ್ರಿಗೆ ಬೋರ್ಡ್ ತಗಲಾಕ್ತಾರೆ. ತಪ್ಪು ಲೆಕ್ಕ ಕೊಡೋ ಬದಲು ಹಂಗೆ ನಿಲ್ಲೋದೇ ಸರಿಯಾದ ನಡವಳಿಕೆ ಅಂತ ನಾನು ಹೇಳಿದ್ರೆ ಕ್ಯೂನಲ್ಲಿರೋರು ಹೊಡೀತಾರೇನೋ.

ಕಷ್ಟದ್ದು ಇನ್ನೊಂದು. ಪ್ರೋಗ್ರಾಂ ಫೈಲಿಗೆ ಬರೆದಿದೆ, ಕರ್ನಲ್ ಅದನ್ನ ಮೆಮೊರಿಯಲ್ಲಿ ಇಟ್ಕೊಂಡಿದೆ, ಡಿಸ್ಕ್‌ಗೆ ಇನ್ನೂ ಇಳಿಸಿಲ್ಲ, ಅಷ್ಟರಲ್ಲಿ ಆ ಪೇಜ್ ಕೆಡ್ತು. ಹೊಸ ಡೇಟಾ ಹೋಯ್ತು, ಡಿಸ್ಕ್‌ನಲ್ಲಿ ಇರೋದು ಹಳೇದು. ಮುಂದೆ ಪ್ರೋಗ್ರಾಂ ಬಂದು "ಎಲ್ಲಾ ಡಿಸ್ಕ್‌ಗೆ ಹೋಯ್ತಾ" ಅಂತ ಕೇಳಿದಾಗ ಕರ್ನಲ್ ಇಲ್ಲ, ಎರರ್ ಅಂತ ಹೇಳುತ್ತೆ. ಸಾಫ್ಟ್‌ವೇರ್ ಬರೆದವ್ರು ಅದನ್ನ ಕೇಳೋದೇ ಇಲ್ಲ, ಅಥವಾ ಕೇಳಿ ಉತ್ತರ ನೋಡೋದೇ ಇಲ್ಲ ಅಂದ್ರೆ ಸ್ಕ್ರೀನ್ ಮೇಲೆ ಸೇವ್ ಆಯ್ತು ಅಂತ ಹಸಿರು ಟಿಕ್ ಬರುತ್ತೆ, ರೈತ ದುಡ್ಡು ಕಟ್ಟಿ ರಸೀದಿ ತಗೊಂಡು ಆಲೂರು ಬಸ್ ಹತ್ತಿರ್ತಾನೆ, ಖಾತೆಯಲ್ಲಿ ಮಾತ್ರ ಎಂಟ್ರಿ ಇರಲ್ಲ.

ಮೆಮೊರಿ ಕೆಟ್ಟಾಗ ಮಾತ್ರ ಓಡೋ ಇಂಥ ಕೋಡ್ ವರ್ಷಗಟ್ಟಲೆ ಒಂದ್ಸಲನೂ ಓಡಲ್ಲ, ಓಡೋ ದಿನ ಸರಿಯಾಗಿ ಓಡ್ಲೇಬೇಕು. ಮನೆಗೆ ಯುಪಿಎಸ್ ತಂದಾಗ ಮೈನ್ ಸ್ವಿಚ್ ಆಫ್ ಮಾಡಿ ನೋಡೇ ನೋಡ್ತೀವಿ, ಕರೆಂಟ್ ಹೋಗ್ಲಿ ಅಂತ ಕಾಯಲ್ಲ. ಇಲ್ಲೂ ಅಷ್ಟೇ, ಬೇಕಂತಲೇ ಮೆಮೊರಿ ಕೆಟ್ಟಿದೆ ಅಂತ ನಾಟಕ ಮಾಡ್ಬೇಕು, ಆ ಸೌಲಭ್ಯ ಕರ್ನಲ್ ಒಳಗೇ ಇದೆ. ಒಂದು ಪ್ರೋಗ್ರಾಂ ತನ್ನದೇ ಪೇಜ್‌ಗೆ ಎಂಅಡ್ವೈಸ್ ಅನ್ನೋ ಕಾಲ್ ಮೂಲಕ "ಇದು ಪಾಯಿಸನ್ ಆಗಿದೆ", ಅಂದ್ರೆ ಕೆಟ್ಟಿದೆ ಅಂತ ಕರ್ನಲ್‌ಗೆ ಹೇಳಬಹುದು, ರೂಟ್ ಅಧಿಕಾರ (ಸಿಸ್ಟಂನ ಪೂರ್ತಿ ಹಿಡಿತ) ಬೇಕು ಅಷ್ಟೇ. ಎಚ್‌ಡಬ್ಲ್ಯೂಪಾಯಿಸನ್ ಇಂಜೆಕ್ಟ್ ಅಂತ ಮಾಡ್ಯೂಲ್ ಇದೆ, ಅದಕ್ಕೆ ಪೇಜ್ ನಂಬರ್ ಕೊಟ್ರೆ ಆ ಪೇಜ್‌ಗೇ ವಿಷ ಹಾಕುತ್ತೆ. ಚಿಪ್‌ಗೆ ಏನೂ ಆಗಲ್ಲ, ಎಲ್ಲಾ ಕರ್ನಲ್‌ನ ಲೆಕ್ಕದಲ್ಲಿ ಮಾತ್ರ. ಹಾಗಾಗಿ ಇದರಿಂದ ಕರ್ನಲ್ ಮತ್ತೆ ಮೇಲಿನ ಸಾಫ್ಟ್‌ವೇರ್ ಹೆಂಗೆ ನಡ್ಕೊಳ್ಳುತ್ತೆ ಅಂತ ಗೊತ್ತಾಗುತ್ತೆ, ಹಾರ್ಡ್‌ವೇರ್ ನಿಜವಾಗ್ಲೂ ಕೂಗುತ್ತಾ ಅಂತ ಗೊತ್ತಾಗಲ್ಲ. ಅದಕ್ಕೆ ಐಂಜ್ ಅಂತ ಕರೆಯೋ ಫರ್ಮ್‌ವೇರ್ (ಮದರ್‌ಬೋರ್ಡ್ ಒಳಗೇ ಇರೋ ಸಾಫ್ಟ್‌ವೇರ್) ಮಟ್ಟದ ಇಂಜೆಕ್ಷನ್ ಬೇಕು, ಬಯಾಸ್‌ನಲ್ಲಿ ಅದು ಇರೋ ಸರ್ವರ್ ಆಗಿರಬೇಕು. ಸಪ್ಲೈ ಮಾಡೋನು "ಟೆಸ್ಟ್ ಎಲ್ಲಾ ಆಗಿದೆ ಸಾರ್" ಅಂದಾಗ ಯಾವ ಟೆಸ್ಟು ಅಂತ ಕೇಳಿ, ಮುಖ ನೋಡಿ.

ಹಾಸನಕ್ಕೆ ಇದು ಹೊಸ ವಿಷಯನೂ ಅಲ್ಲ. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ನಮ್ಮೂರಲ್ಲಿದೆ, ಉಪಗ್ರಹ ಅಂದ್ರೆ ಬಿಟ್ ತಿರುಗೋದು ಮಾಮೂಲಿ ಅಂತಲೇ ಲೆಕ್ಕ ಹಾಕಿ ವಿನ್ಯಾಸ ಮಾಡೋ ಕ್ಷೇತ್ರ ಅದು. ಅದೇ ಊರಿನ ಇಂಜಿನಿಯರಿಂಗ್ ಮಕ್ಕಳನ್ನ ಕೇಳಿದ್ರೆ ಓಎಸ್ ಲ್ಯಾಬ್‌ನಲ್ಲಿ ಶೆಡ್ಯೂಲಿಂಗು, ಬ್ಯಾಂಕರ್ಸ್ ಅಲ್ಗಾರಿದಂ ಪ್ರೋಗ್ರಾಂ ಬರೆದು ರೆಕಾರ್ಡ್ ತುಂಬಿಸಿದ್ದು ಹೇಳ್ತಾರೆ. ಇಲ್ಲಿ, ಪಕ್ಕದ ಚಿಕ್ಕಮಗಳೂರಲ್ಲಿ ಇರೋ ಕಾಲೇಜಿನ ಮೇಷ್ಟ್ರುಗಳಿಗೆ ನನ್ನ ಕೋರಿಕೆ ಏನಂದ್ರೆ ಸಿಲಬಸ್‌ನಲ್ಲಿ ಇಲ್ದಿದ್ರೂ ಒಂದು ಮಧ್ಯಾಹ್ನ ಈ ಪಾಯಿಸನ್ ಹಾಕೋ ಪ್ರಯೋಗ ಮಾಡ್ಸಿ, ಖರ್ಚು ಏನೂ ಇಲ್ಲ. ಇನ್ನು ಜನರ ದುಡ್ಡಿನ ಲೆಕ್ಕ ಇಡೋ ಸೊಸೈಟಿ, ಆಫೀಸುಗಳು ಟೆಂಡರ್ ಕರೆಯೋವಾಗ ಇಸಿಸಿ ಕಡ್ಡಾಯ ಅಂತ ಬರೀರಿ, ಡೆಲಿವರಿ ತಗೊಳ್ಳೋ ದಿನ ನಿಮ್ಮ ಸಾಫ್ಟ್‌ವೇರ್ ಓಡಿಸಿ ಅದರ ಪೇಜ್‌ಗೇ ಪಾಯಿಸನ್ ಹಾಕಿ ತೋರ್ಸಿ ಅಂತ ಇನ್ನೊಂದು ಸಾಲು ಸೇರ್ಸಿ. ರೇಟು ಸ್ವಲ್ಪ ಏರುತ್ತೆ, ಏರ್ಲಿ.

ಲ್ಯಾಬ್‌ನಲ್ಲಿ ಮಾಡೋ ಹುಡುಗ್ರಿಗೆ: ವರ್ಚುವಲ್ ಮಷಿನ್ ಒಳಗೇ ಮಾಡಿ, ಓಡ್ತಿರೋ ಸರ್ವರ್ ಮೇಲೆ ಬೇಡ. ಆಮೇಲೆ ಪ್ರಾಕ್ ಒಳಗಿನ ಮೆಮ್‌ಇನ್ಫೋ ಫೈಲ್ ತೆಗೆದು ಹಾರ್ಡ್‌ವೇರ್ ಕರಪ್ಟೆಡ್ ಅನ್ನೋ ಸಾಲು ನೋಡಿ, ಸೊನ್ನೆ ಇದ್ದಿದ್ದು 4 ಕೆಬಿ ಆಗಿರ್ಬೇಕು. ಆಗಿಲ್ಲ ಅಂದ್ರೆ ನಿಮ್ಮ ಕರ್ನಲ್‌ನಲ್ಲಿ ಕೆಟ್ಟ ಮೆಮೊರಿ ನಿಭಾಯಿಸೋ ಆಯ್ಕೆ ಆನ್ ಆಗಿದ್ಯಾ ಅಂತ ಮೊದ್ಲು ಚೆಕ್ ಮಾಡಿ.

ಇಂತಿ,
ಒಬ್ಬ ಓದುಗ, ಹಾಸನ